ಅರ್ಧ ಕೋಟಿಯಿಂದ ಒಂದು ಕೋಟಿಯಾಚೆಗೆ: ಓಡಿಸುವ ಸುಖಕ್ಕೆ ಯಾವ ಕಾರು?

"ಐವತ್ತು ಲಕ್ಷದ ಆಸುಪಾಸು ಹಣ ಹೊಂದಿಸಿದ್ದೇನೆ, ಗಾಲ್ಫ್ ಜಿಟಿಐ ಕೊಳ್ಳುವುದೋ, ಇನ್ನಷ್ಟು ಸಾಲ ಮಾಡಿ ಬಿಎಂಡಬ್ಲ್ಯು ಎಂ340ಐಗೆ ಹೋಗುವುದೋ, ಇಲ್ಲವೇ ಯಾರೋ ಬಳಸಿದ ಮಸ್ಟ್ಯಾಂಗ್ ತಂದು ನಿಲ್ಲಿಸುವುದೋ?" ಈ ಧಾಟಿಯ ಪ್ರಶ್ನೆ ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಇವರಲ್ಲಿ ಬಹುತೇಕರು ವರ್ಟಸ್ ಜಿಟಿ, ಸ್ಲಾವಿಯಾ ಅಥವಾ ಹಳೆಯ ಪೋಲೊ ಓಡಿಸುತ್ತ ಬಂದವರು. ವೇಗವಾಗಿ ಹೋಗುವುದಕ್ಕಿಂತ ಚೆನ್ನಾಗಿ ಓಡಿಸುವ ರುಚಿ ಹತ್ತಿಸಿಕೊಂಡವರು. ಅವರನ್ನು ಗಮನದಲ್ಲಿಟ್ಟುಕೊಂಡು ಆರು ಕಾರುಗಳನ್ನು ಇಲ್ಲಿ ತೂಗಿ ನೋಡಿದ್ದೇನೆ: ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಬಿಎಂಡಬ್ಲ್ಯು ಎಂ340ಐ, ಬಿಎಂಡಬ್ಲ್ಯು ಝಡ್4 ಎಂ40ಐ, ಮತ್ತು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾತ್ರ ಸಿಗುವ ಪೋರ್ಷೆ 718 ಕೇಮನ್ ಹಾಗೂ ಫೋರ್ಡ್ ಮಸ್ಟ್ಯಾಂಗ್. ಇವುಗಳಲ್ಲಿ ಕೆಲವು ಕಟ್ಟುನಿಟ್ಟಾದ ಅರ್ಥದಲ್ಲಿ ಸ್ಪೋರ್ಟ್ಸ್ ಕಾರುಗಳಲ್ಲ. ಆದರೂ ಕೊಳ್ಳುವವರ ಮನಸ್ಸಿನಲ್ಲಿ ಇವು ಒಂದಕ್ಕೊಂದು ಪೈಪೋಟಿ ನಡೆಸುತ್ತಿರುವುದರಿಂದ ಒಂದೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪಾಗಲಾರದು.

ಮೊದಲು ಅಳತೆಗೋಲುಗಳು. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಎಂಬ ಲೆಕ್ಕವನ್ನು ನಾನು ಪಟ್ಟಿಯ ತುದಿಯಲ್ಲಿಡುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿಯೇ ಗಂಟೆಗೆ 100 ಕಿ.ಮೀ.; ರಾಜ್ಯದ ರಸ್ತೆಗಳಲ್ಲಿ 130 ಕಿ.ಮೀ. ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ 2024ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಇಲ್ಲಿರುವ ಅತ್ಯಂತ ನಿಧಾನದ ಹೊಸ ಕಾರೂ ಆರೂವರೆ ಸೆಕೆಂಡಿನೊಳಗೆ ಆ ಮಿತಿಯನ್ನು ಮುಟ್ಟಿಬಿಡುತ್ತದೆ. ಆಮೇಲಿನ ಒಂದೂವರೆ ಗಂಟೆ ಕಾರು ನಿಮ್ಮೊಡನೆ ಹೇಗೆ ವರ್ತಿಸುತ್ತದೆ ಎನ್ನುವುದೇ ಮುಖ್ಯವಾದ ಪ್ರಶ್ನೆ.

ಹಾಗಾಗಿ ಮೊದಲ ಅಳತೆಗೋಲು, 40ರಿಂದ 90 ಕಿ.ಮೀ. ವೇಗದ ನಡುವೆ ಕಾರು ಕೊಡುವ ಅನುಭವ: ಮುಂದಿನ ಚಕ್ರಗಳಿಗೆ ಎಷ್ಟು ಹಿಡಿತ ಉಳಿದಿದೆ ಎನ್ನುವುದು ಅಂಗೈಗೆ ತಿಳಿಯುತ್ತದೆಯೇ, ಬ್ರೇಕ್ ಪೆಡಲ್ ಒತ್ತಿದಷ್ಟಕ್ಕೆ ತಕ್ಕಂತೆ ಕಚ್ಚುತ್ತದೆಯೇ, ತಿರುವಿನಲ್ಲಿ ಕಾರಿನ ತೂಕ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುವಾಗ ಸೊಂಟಕ್ಕೆ ಸುಳಿವು ಸಿಗುತ್ತದೆಯೇ ಎಂಬುದು. ಈಗಿನ ಕಾರುಗಳಲ್ಲಿ ಸ್ಟೀರಿಂಗ್‌ಗೆ ನೆರವಾಗುವುದು ವಿದ್ಯುತ್ ಮೋಟರ್ ಆದ್ದರಿಂದ ರಸ್ತೆಯ ಒರಟುತನ ಕೈಗೆ ತಲುಪುವ ಮೊದಲೇ ಬಹಳಷ್ಟು ಸೋಸಿಹೋಗುತ್ತದೆ. ಉಳಿದ ಅಲ್ಪಸ್ವಲ್ಪವನ್ನು ಯಾರು ಚೆನ್ನಾಗಿ ದಾಟಿಸುತ್ತಾರೆ ಎನ್ನುವುದರಲ್ಲಿ ತಯಾರಕರ ಜಾಣ್ಮೆ ಕಾಣುತ್ತದೆ. ಎರಡನೆಯದು ನಮ್ಮ ರಸ್ತೆಗೆ ಹೊಂದಿಕೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯುಬ್ಬು 3.7 ಮೀಟರ್ ಅಗಲಕ್ಕೆ ಹರಡಿಕೊಂಡು 10 ಸೆಂಟಿಮೀಟರ್ ಎತ್ತರವಿರಬೇಕು. ಹಾಗಿದ್ದರೆ ಇಲ್ಲಿನ ಯಾವ ಕಾರಿಗೂ ತೊಂದರೆಯಿಲ್ಲ. ತೊಂದರೆ ಕೊಡುವುದು ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿಕೊಂಡ ಕಡಿದಾದ ದಿಣ್ಣೆ ಮತ್ತು ಅಪಾರ್ಟ್‌ಮೆಂಟ್ ನೆಲಮಾಳಿಗೆಯ ಇಳಿಜಾರು.

ಮೂರನೆಯದು ಹಣ. ಶೋರೂಮಿನ ಫಲಕದ ಬೆಲೆಯನ್ನು ನೋಡಿ ಲೆಕ್ಕ ಹಾಕಬೇಡಿ. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ. 18, ಅದರ ಮೇಲಿನ ಸೆಸ್ ಸೇರಿದರೆ ಶೇ. 20ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ 53 ಲಕ್ಷದ ಕಾರಿಗೆ ಆರ್‌ಟಿಓ ಕಚೇರಿಗೆ ಕಟ್ಟುವ ಮೊತ್ತವೇ ಹತ್ತೂವರೆ ಲಕ್ಷ ಮುಟ್ಟುತ್ತದೆ. ವಿಮೆ, ಟಯರು, ಪೆಟ್ರೋಲ್ ಆಮೇಲಿನ ಮಾತು. ಇದರ ಜೊತೆಗೆ, ಕಾರು ಭಾರತದಲ್ಲೇ ಜೋಡಣೆಯಾದದ್ದೋ, ಹೊರದೇಶದಿಂದ ಸಿದ್ಧರೂಪದಲ್ಲಿ ಬಂದದ್ದೋ ಎನ್ನುವುದನ್ನೂ ಕೇಳಿ ತಿಳಿಯಬೇಕು. ಸಿದ್ಧರೂಪದ ಕಾರಿಗೆ ಭಾರಿ ಆಮದು ಸುಂಕ ಬೀಳುವುದರಿಂದ, ಕೊಟ್ಟ ಹಣದಲ್ಲಿ ದೊಡ್ಡ ಪಾಲು ಕಾರಿಗೆ ಹೋಗದೆ ಬೊಕ್ಕಸಕ್ಕೆ ಹೋಗಿರುತ್ತದೆ. ಮುಂದಿನ ಬಂಪರ್ ಒಡೆದರೆ ಹೊಸದು ಹಡಗಿನಲ್ಲಿ ಬರುವವರೆಗೆ ಕಾಯಬೇಕಾದೀತು.

ಅರ್ಧ ಕೋಟಿಯ ಆಸುಪಾಸಿನಲ್ಲಿ ಗಾಲ್ಫ್ ಜಿಟಿಐ ಮತ್ತು ಆಕ್ಟೇವಿಯಾ ಆರ್‌ಎಸ್ ಒಂದೇ ಮನೆಯ ಮಕ್ಕಳು. ಎರಡರಲ್ಲೂ ಇರುವುದು ಫೋಕ್ಸ್‌ವ್ಯಾಗನ್ ಸಮೂಹದ ಎರಡು ಲೀಟರಿನ ಟರ್ಬೊ ಎಂಜಿನ್. ಎರಡಕ್ಕೂ 265 ಅಶ್ವಶಕ್ತಿ, ಟಾರ್ಕ್ (ಚಕ್ರ ತಿರುಗಿಸುವ ಬಲ) ಎರಡಕ್ಕೂ 370 ನ್ಯೂಟನ್ ಮೀಟರ್. ಎರಡರಲ್ಲೂ ಏಳು ಗೇರಿನ ಡಿಎಸ್‌ಜಿ (ಜೋಡಿ ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್), ಎರಡೂ ಮುಂಚಕ್ರ ಚಾಲನೆಯವು. ಜಿಟಿಐ 2025ರ ಮೇ ತಿಂಗಳಲ್ಲಿ ಸುಮಾರು 53 ಲಕ್ಷಕ್ಕೆ ಬಂದರೆ, ಆರ್‌ಎಸ್ ಅದೇ ವರ್ಷದ ಅಕ್ಟೋಬರ್‌ನಲ್ಲಿ 49.99 ಲಕ್ಷಕ್ಕೆ ಬಂತು. ಎರಡೂ ಎಕ್ಸ್-ಶೋರೂಮ್, ಅಂದರೆ ಜೀವಾವಧಿ ತೆರಿಗೆ, ವಿಮೆ ಸೇರದ ಬೆಲೆಗಳು. ಶಕ್ತಿ ಒಂದೇ ಆದರೂ ಕಂಪನಿಯ ಲೆಕ್ಕದಲ್ಲಿ ಜಿಟಿಐ ನೂರು ಮುಟ್ಟಲು 5.9 ಸೆಕೆಂಡು ತೆಗೆದುಕೊಂಡರೆ ಆರ್‌ಎಸ್‌ಗೆ 6.4 ಬೇಕು. ಕಾಗದದ ಅಂಕಿಗಳಿಂದ ಕಾರನ್ನು ಅಳೆಯಬಾರದು ಎನ್ನುವುದಕ್ಕೆ ಈ ವ್ಯತ್ಯಾಸವೇ ಸಾಕ್ಷಿ.

ಜಿಟಿಐನ ಗುಣ ಕಾಣಬೇಕಾದರೆ ಅದನ್ನು ಆಗುಂಬೆಯಂಥ ಘಾಟಿಗೆ ಒಯ್ಯಬೇಕು. ಅಲ್ಲಿನ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಮಾಮೂಲಿ ಕಾರಿನ ಸ್ಟೀರಿಂಗನ್ನು ಕೈ ಬದಲಿಸಿ ಬದಲಿಸಿ ಸುತ್ತಬೇಕಾಗುತ್ತದೆ; ಜಿಟಿಐನ ಸ್ಟೀರಿಂಗ್ ತಿರುಗಿಸಿದಷ್ಟೂ ಚುರುಕಾಗುವ ಬಗೆಯದಾದ್ದರಿಂದ ಕೈಗಳು ಹಿಡಿದ ಜಾಗದಿಂದ ಹೆಚ್ಚು ಕದಲಬೇಕಾಗುವುದಿಲ್ಲ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಮುಂಚಕ್ರ ಚಾಲನೆಯ ಕಾರಿನ ಮೂತಿ ಸಾಮಾನ್ಯವಾಗಿ ಹೊರಬದಿಗೆ ಜಾರುತ್ತದೆ, ಒಳಬದಿಯ ಚಕ್ರ ಸುಮ್ಮನೆ ತಿರುಗಿ ಶಕ್ತಿಯನ್ನು ಪೋಲು ಮಾಡುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಎರಡು ಚಕ್ರಗಳ ನಡುವೆ ಶಕ್ತಿ ಹಂಚುವ, ವಿದ್ಯುನ್ಮಾನ ನಿಯಂತ್ರಣದ ಡಿಫರೆನ್ಷಿಯಲ್ ಶಕ್ತಿಯನ್ನು ಹೊರಬದಿಯ ಚಕ್ರಕ್ಕೆ ದಾಟಿಸುತ್ತದೆ, ಮೂತಿ ಒಳಕ್ಕೆ ಎಳೆದುಕೊಂಡಂತೆ ಬರುತ್ತದೆ. ಒಮ್ಮೆ ಇದರ ಮೇಲೆ ನಂಬಿಕೆ ಬಂದರೆ ತಿರುವಿನ ಅರ್ಧದಲ್ಲೇ ಧೈರ್ಯವಾಗಿ ಪೆಡಲ್ ಒತ್ತುವ ಅಭ್ಯಾಸವಾಗುತ್ತದೆ. ಅದೂ ಐವತ್ತು ಅರವತ್ತರ ವೇಗದಲ್ಲಿ, ಎದುರಿನಿಂದ ಬರುವ ಬಸ್ಸಿಗೆ ಜಾಗ ಬಿಟ್ಟುಕೊಂಡೇ ಸಿಗುವ ಖುಷಿ. ನನ್ನ ದೃಷ್ಟಿಯಲ್ಲಿ ಈ ಕಾರಿನ ಬೆಲೆ ಸಮರ್ಥನೆಯಾಗುವುದು ಇಲ್ಲಿಯೇ.

ಆಕ್ಟೇವಿಯಾ ಇದಕ್ಕಿಂತ ಸುಮಾರು 40 ಸೆಂಟಿಮೀಟರ್ ಉದ್ದದ ಕಾರು. ಆ ಉದ್ದ ತಿರುವಿನಲ್ಲಿ ತಿಳಿಯುತ್ತದೆ. ಜಿಟಿಐ ಚಿಟಿಕೆ ಹೊಡೆದಂತೆ ದಿಕ್ಕು ಬದಲಿಸುವ ಕಡೆ ಆರ್‌ಎಸ್ ಒಂದು ಕ್ಷಣ ತಡೆದು ತಿರುಗುತ್ತದೆ. ಅದಕ್ಕೆ ಪ್ರತಿಯಾಗಿ ಹೆದ್ದಾರಿಯಲ್ಲಿ ಅದು ಹೆಚ್ಚು ನಿಶ್ಚಲವಾಗಿ ಕೂರುತ್ತದೆ, ಹಿಂದಿನ ಸೀಟಿನಲ್ಲಿ ವಯಸ್ಸಾದವರೂ ಕಾಲು ಚಾಚಿ ಕೂರಬಹುದು, 600 ಲೀಟರ್ ಡಿಕ್ಕಿಯಲ್ಲಿ ಮದುವೆಗೆ ಹೊರಟ ಕುಟುಂಬದ ಸೂಟ್‌ಕೇಸುಗಳೆಲ್ಲ ಹಿಡಿಯುತ್ತವೆ. ಜಿಟಿಐನ ಡಿಕ್ಕಿ 380 ಲೀಟರ್. ಮನೆಗೆ ಒಂದೇ ಕಾರು ಎನ್ನುವವರು ಈ ಅಂಕಿಗಳನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಎರಡಕ್ಕೂ ಸಮಾನವಾದ ಅಡಚಣೆಯೊಂದಿದೆ. ವರ್ಷಕ್ಕೆ 2,500ರ ಮಿತಿಯೊಳಗೆ, ಇಲ್ಲಿ ಪ್ರತ್ಯೇಕ ಪರೀಕ್ಷೆಯಿಲ್ಲದೆ ಕಾರು ತರಿಸಿಕೊಳ್ಳಲು ತಯಾರಕರಿಗೆ ಇರುವ ಅವಕಾಶದಡಿ ಇಂಥ ಕಾರುಗಳು ಬರುತ್ತವೆ, ಬರುವುದೇ ಬೆರಳೆಣಿಕೆಯಷ್ಟು. ಜಿಟಿಐ ಮೊದಲ ಕಂತಿನಲ್ಲಿ 150, ಆರ್‌ಎಸ್ ಕೇವಲ 100. ಆರ್‌ಎಸ್ ಬೆಲೆ ಹೊರಬೀಳುವ ಮುನ್ನವೇ ಪೂರ್ತಿ ಮುಗಿದುಹೋಗಿತ್ತು. ಇದರಿಂದ ಮರುಮಾರಾಟದ ಬೆಲೆ ಗಟ್ಟಿಯಾಗಿ ಉಳಿಯುತ್ತದೆ. ಆದರೆ ಬಿಡಿಭಾಗಕ್ಕೆ ಕಾಯುವ ತಾಳ್ಮೆಯೂ ಬೇಕು. ಆರ್‌ಎಸ್ ಸಿಗದೆ ನಿರಾಶರಾದವರು 2017ರಲ್ಲಿ ಬಂದ 230 ಅಶ್ವಶಕ್ತಿಯ ಆರ್‌ಎಸ್ ಅಥವಾ 2020ರಲ್ಲಿ 200 ಮಾತ್ರ ಮಾರಾಟವಾದ 245 ಅಶ್ವಶಕ್ತಿಯದ್ದನ್ನು ಸೆಕೆಂಡ್ ಹ್ಯಾಂಡ್ ಹುಡುಕಬಹುದು. ಹಾಗೆ ಹುಡುಕುವಾಗ ಎಂಜಿನ್ ರೀಮ್ಯಾಪ್ ಆಗಿದೆಯೇ, ಅಂದರೆ ಶಕ್ತಿ ಹೆಚ್ಚಿಸಲು ಅದರ ತಂತ್ರಾಂಶವನ್ನು ಬದಲಿಸಿದ್ದಾರೆಯೇ ಎಂದು ತಿಳಿದವರಿಂದ ನೋಡಿಸಿ. ಈ ಕಾರುಗಳನ್ನು ಕಂಪನಿ ಕೊಟ್ಟ ಸ್ಥಿತಿಯಲ್ಲೇ ಬಿಟ್ಟ ಮಾಲೀಕರು ಅಪರೂಪ.

ಒಂದು ಸಮಾಧಾನವನ್ನೂ ಹೇಳಬೇಕು. ಈ ಎರಡರ ಡಿಎಸ್‌ಜಿಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಸಣ್ಣ ಎಂಜಿನ್ನಿನ ವರ್ಟಸ್, ಸ್ಲಾವಿಯಾ, ಹಳೆಯ ಪೋಲೊಗಳ ಏಳು ಗೇರಿನ ಡಿಎಸ್‌ಜಿಯದ್ದು ಒಣ ಕ್ಲಚ್. ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಇಂಚಿಂಚು ತೆವಳುವಾಗ ಗೇರ್‌ಬಾಕ್ಸ್ ಬಿಸಿಯೇರುತ್ತದೆಂಬ ಭಯ ಹಿಂದಿನ ಕಾರಿನಿಂದ ಬಂದದ್ದಾದರೆ, ಇಲ್ಲಿ ಅದನ್ನು ಬಹಳ ಮಟ್ಟಿಗೆ ಬಿಡಬಹುದು.

ಎಂ340ಐ ವಿಷಯಕ್ಕೆ ಬಂದರೆ, ಹಣಕ್ಕೆ ತಕ್ಕ ಮೌಲ್ಯದಲ್ಲಿ ಅದನ್ನು ಹಿಂದಿಕ್ಕುವ ಕಾರು ಈ ಪಟ್ಟಿಯಲ್ಲಿಲ್ಲ. 2021ರಲ್ಲಿ 62.9 ಲಕ್ಷಕ್ಕೆ ಬಿಡುಗಡೆಯಾದ ಈ ಕಾರು 2022ರ ಕೊನೆಯ ಪರಿಷ್ಕರಣೆಯಲ್ಲಿ 69.2 ಲಕ್ಷವಾಯಿತು, ಆಮೇಲೂ ಏರಿದೆ. ಆದರೂ ಅದು ಚೆನ್ನೈನಲ್ಲಿ ಜೋಡಣೆಯಾಗುವುದರಿಂದ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 374 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಗಳ ಚಾಲನೆ ಇಷ್ಟೆಲ್ಲ ಆ ಬೆಲೆಗೆ ಸಾಧ್ಯವಾಗಿದೆ. ನೂರು ಮುಟ್ಟಲು ಕಂಪನಿ ಹೇಳುವ ಸಮಯ 4.4 ಸೆಕೆಂಡು. ಇದೇ ಶಕ್ತಿ ಸಿದ್ಧರೂಪದ ಆಮದು ಕಾರಿನಲ್ಲಿ ಬೇಕೆಂದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಎಂಟು ಗೇರಿನ ಸ್ವಯಂಚಾಲಿತ ಗೇರ್‌ಬಾಕ್ಸ್ ದ್ರವದ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಬಗೆಯದಾದ್ದರಿಂದ ಊರೊಳಗೆ ನಯವಾಗಿ ನಡೆಯುತ್ತದೆ, ಹೆದ್ದಾರಿಯಲ್ಲಿ ಬೇಕೆಂದಾಗ ಥಟ್ಟನೆ ಕೆಳಗಿಳಿಯುತ್ತದೆ.

ಅನುಭವದ ಮಾತು ಬೇರೆ. ಇದರ ತೂಕ 1,700 ಕೆ.ಜಿ. ದಾಟುತ್ತದೆ. ಕೊಡಗಿನ ಏರುರಸ್ತೆಗಳಲ್ಲಿ ಒಂದು ತಿರುವಿನಿಂದ ಇನ್ನೊಂದಕ್ಕೆ ಅದು ಹಾರಿಬಿಡುವ ಪರಿ ಬೆರಗು ಹುಟ್ಟಿಸುತ್ತದೆ, ಶಕ್ತಿಯ ಹೆಚ್ಚು ಪಾಲು ಹಿಂಚಕ್ರಕ್ಕೆ ಹೋಗುವುದರಿಂದ ಮೂತಿ ಭಾರವೆನಿಸುವುದಿಲ್ಲ, ಮಳೆಯಲ್ಲಿ ಎಲೆ ಬಿದ್ದ ರಸ್ತೆಯಲ್ಲೂ ಹಿಡಿತ ತಪ್ಪುವುದಿಲ್ಲ. ಆದರೆ ಆ ಎಂಜಿನ್ ಉಸಿರು ಬಿಟ್ಟು ಓಡಲು ಶುರುಮಾಡುವ ಹೊತ್ತಿಗೆ ನೀವು ಕಾನೂನಿನ ಗಡಿಯಾಚೆ ಇರುತ್ತೀರಿ. ಘಾಟಿಯಲ್ಲಿ ಅದರ ಸಾಮರ್ಥ್ಯದ ಅರ್ಧವನ್ನೂ ಬಳಸಿರುವುದಿಲ್ಲ. ಸ್ಟೀರಿಂಗ್ ನಿಖರವಾಗಿದೆ, ಮಾತು ಕಡಿಮೆ. ಚಾಲಕನಿಗೆ ಕೆಲಸ ಕೊಡದೆ ಎಲ್ಲವನ್ನೂ ತಾನೇ ನಿಭಾಯಿಸುವ ಕಾರು ಇದು. ಕೆಲವರಿಗೆ ಇದೇ ಬೇಕಿರುತ್ತದೆ: ವಾರವಿಡೀ ಕಚೇರಿ, ಶನಿವಾರ ಮಂಗಳೂರು, ಜೊತೆಗೆ ಹೆಂಡತಿ ಮಕ್ಕಳು. ಅಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಎಂ340ಐ ನೋಡಲು ಹೋಗಬಹುದು.

ಮಸ್ಟ್ಯಾಂಗ್ ಕೊಳ್ಳುವವರು ಯಾರ ಸಲಹೆಯನ್ನೂ ಕೇಳುವುದಿಲ್ಲ ಎಂಬುದು ನನ್ನ ಅನುಮಾನ. ಆದರೂ ಹೇಳುವ ಕರ್ತವ್ಯವಿದೆ. ಕಾರ್ಖಾನೆಯಿಂದಲೇ ಬಲಬದಿಯ ಸ್ಟೀರಿಂಗ್‌ನೊಂದಿಗೆ ಬಂದ ಮೊದಲ ಪೀಳಿಗೆಯ ಮಸ್ಟ್ಯಾಂಗ್ 2016ರಲ್ಲಿ ಸುಮಾರು 65 ಲಕ್ಷಕ್ಕೆ ಭಾರತಕ್ಕೆ ಬಂತು. ಐದು ಲೀಟರಿನ ವಿ8 ಎಂಜಿನ್ನಿಗೆ ಇಲ್ಲಿನ ರೂಪದಲ್ಲಿ 400ರ ಆಸುಪಾಸು ಅಶ್ವಶಕ್ತಿ. ಟರ್ಬೊ ಇಲ್ಲದ ಆ ಎಂಜಿನ್ನಿನ ದನಿ, ಪೆಡಲ್ ಮುಟ್ಟಿದೊಡನೆ ತಡವಿಲ್ಲದೆ ಹರಿದು ಬರುವ ಶಕ್ತಿ, ಕಣ್ಣ ಮುಂದೆ ಚಾಚಿಕೊಂಡ ಉದ್ದನೆಯ ಬಾನೆಟ್ಟು ಇವುಗಳನ್ನು ಹೊಸ ಕಾರುಗಳಲ್ಲಿ ಹುಡುಕಿದರೂ ಸಿಗವು. ತಿರುವುಗಳಲ್ಲಿ ಮಾತ್ರ ಅದು ದೊಡ್ಡ ಕಾರೇ. ಅಗಲ ಹೆಚ್ಚು, ತೂಕ ಹೆಚ್ಚು, ಚಾರ್ಮಾಡಿಯಂಥ ಇಕ್ಕಟ್ಟಿನ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ಮನಸ್ಸು ಎಡಗಡೆಯ ಚಕ್ರಗಳ ಮೇಲೆಯೇ ಇರುತ್ತದೆ. ನೆಲದಿಂದ ಎತ್ತರ 13–14 ಸೆಂಟಿಮೀಟರ್ ಇದ್ದರೂ ಎರಡು ಚಕ್ರಗಳ ನಡುವಿನ ಅಂತರ ಉದ್ದವಾದ್ದರಿಂದ ಕಡಿದಾದ ದಿಣ್ಣೆಯ ಮೇಲೆ ಹೊಟ್ಟೆ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುವುದನ್ನು ಕಲಿಯಬೇಕು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಬಿಡಿಭಾಗಗಳನ್ನು ಹೊರದೇಶದಿಂದ ತರಿಸಿಕೊಡುವ, ಈ ಎಂಜಿನ್ ಬಲ್ಲ ಮೆಕ್ಯಾನಿಕ್ ಯಾರೆಂದು ಮೊದಲೇ ಗೊತ್ತಿದ್ದರೆ ಮಾತ್ರ ಮುಂದುವರಿಯಿರಿ. ಮನೆಯಲ್ಲಿ ಇನ್ನೊಂದು ಕಾರು ಇರಲೇಬೇಕು.

ಝಡ್4 ಎರಡೇ ಸೀಟಿನ, ಮೇಲ್ಛಾವಣಿ ತೆರೆಯುವ ಕಾರು. ಆಸ್ಟ್ರಿಯದ ಗ್ರಾಜ್ ನಗರದಲ್ಲಿ, ಟೊಯೊಟಾ ಸುಪ್ರಾ ತಯಾರಾದ ಕಾರ್ಖಾನೆಯಲ್ಲೇ ತಯಾರಾದದ್ದು. ತಳಪಾಯವೂ ಸುಪ್ರಾದೊಂದಿಗೆ ಹಂಚಿಕೊಂಡದ್ದು. ಎಂ340ಐಯ ಎಂಜಿನ್ ಕುಟುಂಬದ್ದೇ ಆದ ಆರು ಸಿಲಿಂಡರ್, ಇಲ್ಲಿ 340 ಅಶ್ವಶಕ್ತಿ. ಇದರ ಪರಿಷ್ಕೃತ ರೂಪ 2023ರಲ್ಲಿ 89.3 ಲಕ್ಷಕ್ಕೆ ಬಂತು. 2025ರಲ್ಲಿ ಆರು ಗೇರಿನ ಮ್ಯಾನುವಲ್ ಗೇರ್‌ಬಾಕ್ಸಿನ ಆವೃತ್ತಿಯೊಂದು 97.9 ಲಕ್ಷಕ್ಕೆ ಬಂದಾಗ ಅನೇಕರು ಹುಬ್ಬೇರಿಸಿದರು. ಮ್ಯಾನುವಲ್‌ಗೆ ಹೆಚ್ಚು ಬೆಲೆ, ನೂರು ಮುಟ್ಟಲು ತುಸು ಹೆಚ್ಚು ಸಮಯ. ಲೆಕ್ಕಾಚಾರದವರಿಗೆ ಇದು ಅರ್ಥವಾಗದ ವ್ಯಾಪಾರ. ನನಗಾದರೋ ಈ ಬೆಲೆಯ ವರ್ಗದಲ್ಲಿ ಎಡಗಾಲಿಗೂ ಎಡಗೈಗೂ ಕೆಲಸ ಕೊಡುವ ಹೊಸ ಕಾರು ಬಂದದ್ದೇ ದೊಡ್ಡ ಸಂಗತಿಯಾಗಿ ಕಂಡಿತು. ಎಂ340ಐನಲ್ಲಿ ಕಳೆದುಹೋದ ಪಾಲುದಾರಿಕೆ ಇಲ್ಲಿ ಗೇರ್ ಸರಳಿನ ಮೂಲಕ ಮರಳಿ ಸಿಗುತ್ತದೆ. ಚಾಲಕ ಹೆಚ್ಚುಕಡಿಮೆ ಹಿಂಚಕ್ರಗಳ ಮುಂದೆಯೇ ಕೂರುವುದರಿಂದ ಕಾರಿನ ಹಿಂಭಾಗ ಸ್ವಲ್ಪ ಅಲುಗಿದರೂ ಬೆನ್ನಿಗೆ ತಿಳಿಯುತ್ತದೆ. ಮೂತಿ ಮಾತ್ರ ದೂರದಲ್ಲೆಲ್ಲೋ ಇದೆ ಎನಿಸುತ್ತದೆ, ಸ್ಟೀರಿಂಗ್ ಅದರ ಸುದ್ದಿಯನ್ನು ಪೂರ್ತಿ ಹೇಳುವುದಿಲ್ಲ. ಛಾವಣಿ ಹತ್ತು ಸೆಕೆಂಡಿನಲ್ಲಿ, 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗಲೂ ತೆರೆಯುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಬಿಟ್ಟ ದಿನಗಳಲ್ಲಿ ಮೂಡಿಗೆರೆ ಕಡೆ ಹೋಗುವವರಿಗೆ ಇದರ ಬೆಲೆ ಗೊತ್ತು. ಬೆಂಗಳೂರಿನ ದೂಳು ಹೊಗೆಯಲ್ಲಿ ಅದನ್ನು ಮುಚ್ಚಿಯೇ ಇಡುತ್ತೀರಿ.

ಬರೀ ಚಾಲನೆಯ ಅನುಭವವೇ ಅಳತೆಯಾದರೆ ಪೋರ್ಷೆ 718 ಕೇಮನ್ ಉಳಿದೆಲ್ಲವನ್ನೂ ಹಿಂದೆ ಹಾಕುತ್ತದೆ. ಕಾರಣ ಎಂಜಿನ್ ಇರುವ ಜಾಗ. ಸೀಟಿನ ಹಿಂದೆ, ಹಿಂದಿನ ಅಚ್ಚಿನ ಮುಂದೆ ಎಂಜಿನ್ ಕೂರುವುದರಿಂದ ಕಾರಿನ ತೂಕ ನಡುವಿನಲ್ಲಿ ಒಟ್ಟಾಗಿರುತ್ತದೆ. ತಿರುಗಲು ಹೊರಟ ಕಾರನ್ನು ತಡೆಯುವ ಭಾರ ಮೂತಿಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ಸ್ಟೀರಿಂಗನ್ನು ಬೆರಳಷ್ಟು ತಿರುಗಿಸಿದರೆ ಕಾರು ಅಷ್ಟೇ ತಿರುಗುತ್ತದೆ, ಹಿಂದು ಮುಂದು ಎರಡೂ ಒಟ್ಟಿಗೆ. ಮೂಲ ಮಾದರಿಯ ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ನಿಗೆ 300 ಅಶ್ವಶಕ್ತಿ, ಕಾರಿನ ತೂಕ 1,400 ಕೆ.ಜಿ.ಗಿಂತ ಕಡಿಮೆ. ಎಂ340ಐಗಿಂತ ಶಕ್ತಿಯಲ್ಲಿ ಹಿಂದಿದ್ದೂ ಬ್ರೇಕ್ ಒತ್ತುವಾಗ, ತಿರುವಿಗೆ ಇಳಿಯುವಾಗ, ಹೊರಬರುವಾಗ ಅದು ಹಗುರವಾಗಿ ಕಾಣುವುದು ಈ ಮುನ್ನೂರು ನಾನೂರು ಕಿಲೋದ ವ್ಯತ್ಯಾಸದಿಂದ. ಕೊರತೆ ಅದರ ದನಿ. ನಾಲ್ಕು ಸಿಲಿಂಡರಿನ ಆ ಗೊರಗೊರ ಶಬ್ದ ಪೋರ್ಷೆ ಹೆಸರಿಗೆ ಒಪ್ಪುವಂಥದ್ದಲ್ಲ ಎಂಬ ದೂರು 2016ರಿಂದಲೂ ಇದೆ, ದೂರಿನಲ್ಲಿ ಹುರುಳೂ ಇದೆ. ಆ ದೂರಿಗೆ ಕಂಪನಿ ಕೊಟ್ಟ ಉತ್ತರವೇ ನಾಲ್ಕು ಲೀಟರಿನ, ಆರು ಸಿಲಿಂಡರಿನ ಜಿಟಿಎಸ್. ಅದರ ಬೆಲೆಯೇ ಬೇರೆ.

ಮೌಲ್ಯದ ತಕ್ಕಡಿಯಲ್ಲಿ ಕೇಮನ್ ಹೀಗೆ ಗೆಲ್ಲುವುದಿಲ್ಲ. ಮೂಲ ಮಾದರಿಯೇ ಕೋಟಿ ದಾಟುತ್ತಿತ್ತು, ಅದರ ಮೇಲೆ ಪೋರ್ಷೆಯ ಹೆಚ್ಚುವರಿ ಸೌಲಭ್ಯಗಳ ಉದ್ದನೆಯ ಪಟ್ಟಿ. ಪೆಟ್ರೋಲ್ 718ರ ತಯಾರಿಕೆ 2025ರಲ್ಲಿ ಮುಗಿದಿರುವುದರಿಂದ ಈಗ ಉಳಿದ ದಾರಿ ಸೆಕೆಂಡ್ ಹ್ಯಾಂಡ್ ಮಾತ್ರ. ಎರಡು ಸೀಟಿನ ಕಾರಾದರೂ ಮುಂದೊಂದು ಹಿಂದೊಂದು ಸಾಮಾನಿನ ಜಾಗವಿದ್ದು ಇಬ್ಬರು ನಾಲ್ಕು ದಿನದ ಪ್ರವಾಸಕ್ಕೆ ಆರಾಮವಾಗಿ ಹೋಗಿಬರಬಹುದು ಎನ್ನುವುದನ್ನು ಮನೆಯವರನ್ನು ಒಪ್ಪಿಸುವಾಗ ಬಳಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಎಂದಾಗ ತೆರಿಗೆಯ ಮಾತು ಮತ್ತೆ ಬರುತ್ತದೆ. ಇಂಥ ಕಾರುಗಳು ಹೆಚ್ಚಾಗಿ ದೆಹಲಿ, ಮುಂಬೈ, ಪುದುಚೇರಿ ನೋಂದಣಿಯವು. ಬೆಲೆ ಕಡಿಮೆಯೆಂದು ತಂದು ಅದೇ ನಂಬರಿನಲ್ಲಿ ಓಡಾಡುವ ಅಭ್ಯಾಸ ಬೆಂಗಳೂರಿನಲ್ಲಿತ್ತು. 2025ರಲ್ಲಿ ಸಾರಿಗೆ ಇಲಾಖೆ ಹೊರರಾಜ್ಯದ ಐಷಾರಾಮಿ ಕಾರುಗಳನ್ನು ಹಿಡಿದು ನಿಲ್ಲಿಸತೊಡಗಿತು. ಮಹಾರಾಷ್ಟ್ರ ನೋಂದಣಿಯ ಒಂದೇ ಫೆರಾರಿಯಿಂದ ದಂಡ ಸೇರಿ ಸುಮಾರು 1.4 ಕೋಟಿ ರೂಪಾಯಿ ವಸೂಲಾಯಿತು. ಆದ್ದರಿಂದ ಹೊರಗಿನ ಕಾರು ನೋಡುವಾಗ, ಅದರ ವಯಸ್ಸಿಗೆ ತಕ್ಕಂತೆ ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಆರ್‌ಟಿಓದಲ್ಲಿ ವಿಚಾರಿಸಿ, ಆ ಮೊತ್ತವನ್ನು ಸೇರಿಸಿಯೇ ಚೌಕಾಸಿ ಮಾಡಿ. ಹಳೆಯ ಆರ್‌ಟಿಓ ಕೊಡುವ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿಯಲ್ಲಿ ಎಷ್ಟು ಆಕ್ಟೇನ್, ಎಷ್ಟು ಎಥನಾಲ್‌ವರೆಗೆ ಸೈ ಎಂದು ಬರೆದಿರುತ್ತದೆ, ಅದನ್ನೂ ಓದಿ. 95ರ ಮೇಲಿನ ಆಕ್ಟೇನ್ ಕೇಳುವ ಕಾರಾದರೆ ನಿಮ್ಮ ಊರಿನ ಬಂಕಿನಲ್ಲಿ ಅದು ಸಿಗುತ್ತದೆಯೇ ಎಂದು ನೋಡಿಕೊಳ್ಳಿ.

ಮನೆಗೆ ಒಂದೇ ಕಾರು, ಅದರಲ್ಲೇ ಖುಷಿಯೂ ಬೇಕು, ಮಿತಿ ಐವತ್ತು ಅರವತ್ತು ಲಕ್ಷ ಎಂದರೆ ಆರ್‌ಎಸ್ ಸಿಕ್ಕರೆ ಆರ್‌ಎಸ್, ಇಲ್ಲವಾದರೆ ಜಿಟಿಐ. ಘಾಟಿ ರಸ್ತೆ ಮನೆಗೆ ಹತ್ತಿರವಿರುವ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿಯವರು ಯೋಚಿಸದೆ ಜಿಟಿಐ ಕೊಳ್ಳಬಹುದು. ಹೆದ್ದಾರಿಯ ಓಡಾಟ ಹೆಚ್ಚಿದ್ದು ಕುಟುಂಬವೂ ಜೊತೆಗಿದ್ದರೆ ಎಂ340ಐ. ಎರಡನೆಯ ಕಾರಿಗೆ ಜಾಗವೂ ಹಣವೂ ಇದ್ದು ಗೇರ್ ಬದಲಿಸುವುದನ್ನು ಇನ್ನೂ ಪ್ರೀತಿಸುವವರು ಮ್ಯಾನುವಲ್ ಝಡ್4 ಹುಡುಕಲಿ. ತಿರುವುಗಳೇ ಸರ್ವಸ್ವ ಎನ್ನುವವರು ದಾಖಲೆ ಚೊಕ್ಕವಾಗಿರುವ ಕೇಮನ್ನಿಗಾಗಿ ಕಾಯಲಿ. ಇಪ್ಪತ್ತು ಲಕ್ಷ ದಾಟಲಾಗದವರಿಗೆ 150 ಅಶ್ವಶಕ್ತಿಯ ವರ್ಟಸ್ ಜಿಟಿಯ ಮ್ಯಾನುವಲ್ ಇದೆ, ನಮ್ಮ ರಸ್ತೆಗೆ ಇವೆಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಟೆಸ್ಟ್ ಡ್ರೈವ್ ಹೋಗುವಾಗ ಶೋರೂಮಿನವರು ತೋರಿಸುವ ನಯವಾದ ರಸ್ತೆಗೆ ತೃಪ್ತರಾಗಬೇಡಿ. ಕಾರನ್ನು ನಿಮ್ಮ ಮನೆಯವರೆಗೆ ತರಿಸಿಕೊಂಡು, ನಾಲ್ಕು ಸೀಟಿದ್ದರೆ ನಾಲ್ವರನ್ನೂ ಕೂರಿಸಿ, ನೆಲಮಾಳಿಗೆಗೆ ಒಮ್ಮೆ ಇಳಿಸಿ ಹತ್ತಿಸಿ, ದಿನವೂ ದಾಟುವ ದಿಣ್ಣೆಯನ್ನು ದಾಟಿಸಿ. ಬಳಸಿದ ಕಾರಾದರೆ ಹೊರಡುವ ಮೊದಲು ಬಾಗಿ ಮುಂದಿನ ಬಂಪರಿನ ಅಡಿಭಾಗವನ್ನೂ ನಾಲ್ಕು ಅಲಾಯ್ ಚಕ್ರಗಳ ಒಳಅಂಚನ್ನೂ ಟಾರ್ಚ್ ಹಾಕಿ ನೋಡಿ. ಹಿಂದಿನ ಮಾಲೀಕರು ಅದನ್ನು ಯಾವ ರಸ್ತೆಯಲ್ಲಿ, ಎಷ್ಟು ಎಚ್ಚರದಿಂದ ಓಡಿಸಿದ್ದಾರೆ ಎನ್ನುವುದು ಸರ್ವಿಸ್ ಪುಸ್ತಕಕ್ಕಿಂತ ಅಲ್ಲಿಯೇ ಹೆಚ್ಚು ತಿಳಿಯುತ್ತದೆ.